ಮುತ್ಯಾನ ಎಂಬತ್ತು ವರುಷ

ನಮ್ಮೂರು ಮನ್ನಾಏಖೇಳ್ಳಿ, ಹುಮನಾಬಾದಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಮೇಲಿದೆ. ಆ ರಸ್ತೆಬದಿಯ ಪಾನ್ ಅಂಗಡಿಯಿಂದ ಕಾಕಾನಿಗೆ ಸಿಗರೇಟು ತಂದುಕೊಡುವುದೇ ಹತ್ತನೆಯ ವಯಸ್ಸಿನಲ್ಲಿ ನನ್ನ ಉದ್ಯೋಗವಾಗಿತ್ತು. ಹದಿನೆಂಟು ತುಂಬದವರಿಗೆ ಅದನ್ನು ಮಾರಕೂಡದೆಂದು 2003ರ ಕಾಯಿದೆ ವಿಧಿಸಿತ್ತು. ನನಗೆ ತಿಳಿದಿದ್ದುದಾದರೋ, ಉಳಿದ ಚಿಲ್ಲರೆಗೆ ಪೆಪ್ಪರಮೆಂಟು ಸಿಗುತ್ತದೆಂಬುದಷ್ಟೇ.

ಕಳೆದ ದೀಪಾವಳಿಯ ರಜೆಗೆ ಊರಿಗೆ ಹೋದಾಗ ಕಾಕಾನ ಕೆಮ್ಮು ರಾತ್ರಿಯೆಲ್ಲ ಮನೆಯನ್ನು ಎಚ್ಚರವಾಗಿಟ್ಟಿತ್ತು. ಎಕ್ಸ್‌ರೇಯಲ್ಲಿ ಗಡ್ಡೆ ಕಾಣಲಿಲ್ಲವೆಂದು ವೈದ್ಯರು ಹೇಳಿದರು. ಸಿಗರೇಟು ಬಿಡಬೇಕೆಂದೂ ಹೇಳಿದರು. ಮೊದಲ ಮಾತನ್ನು ಕಾಕಾ ಊರಿಗೆಲ್ಲ ಸಾರಿದ, ಎರಡನೆಯದನ್ನು ನುಂಗಿಕೊಂಡ. ನಾನು ನೆನಪಿಸಿದರೆ, “ನಿಮ್ಮ ಮುತ್ಯಾ ದಿನಾ ಒಂದು ಕಟ್ಟು ಬೀಡಿ ಸೇದತಿದ್ದ. ಎಂಬತ್ತು ವರ್ಷ ಬಾಳ್ಯಾನ. ಅಂವಗೇನಾಯ್ತು?” ಎಂದ.

ಉತ್ತರ ಹುಡುಕಿಕೊಂಡು ನಾನು ಗ್ರಂಥಾಲಯ ಸೇರಿದೆ. ಇಂಗ್ಲೆಂಡಿನ ರಿಚರ್ಡ್ ಡಾಲ್ ಮತ್ತು ಬ್ರ್ಯಾಡ್‌ಫರ್ಡ್ ಹಿಲ್ ಎಂಬವರು ಆಸ್ಪತ್ರೆಗಳ ರೋಗಿಗಳನ್ನು ವಿಚಾರಿಸಿ, ಶ್ವಾಸಕೋಶದ ಕ್ಯಾನ್ಸರಿಗೂ ಸಿಗರೇಟಿಗೂ ಇರುವ ನಂಟನ್ನು 1950ರಲ್ಲಿ ಪ್ರಕಟಿಸಿದರು. ಡಾಲ್ ಸ್ವತಃ ಸೇದುತ್ತಿದ್ದವರು. ತಮ್ಮದೇ ಲೆಕ್ಕ ಕಂಡು ಬಿಟ್ಟರು. 1951ರಿಂದ ಸಾವಿರಾರು ವೈದ್ಯರ ಜೀವನವನ್ನು ಐವತ್ತು ವರುಷ ಗಮನಿಸಲಾಯಿತು. 2004ರಲ್ಲಿ ಹೊರಬಿದ್ದ ಫಲಿತಾಂಶವಿದು: ಸೇದುತ್ತಲೇ ಇದ್ದವರ ಆಯುಸ್ಸು ಸರಾಸರಿ 10 ವರುಷ ಕಡಿಮೆ, 50ರಲ್ಲಿ ಬಿಟ್ಟವರು ಅದರಲ್ಲಿ ಸುಮಾರು 6 ವರುಷವನ್ನು ಉಳಿಸಿಕೊಂಡರು, 30ರಲ್ಲಿ ಬಿಟ್ಟವರು ಹೆಚ್ಚುಕಡಿಮೆ ಎಲ್ಲವನ್ನೂ. ಬೀಡಿಯ ಹೊಗೆಯೂ ಕ್ಯಾನ್ಸರಿಗೆ ಕಾರಣವೇ.

ಊರಿಗೆ ಮರಳಿ ಹೇಳಿದೆ: “ಕಾಕಾ, ಹುಮನಾಬಾದ ಪ್ಯಾಟ್ಯಾಗ ಒಂದು ಕಾಳು ನೋಡಿ ತೊಗರಿ ಚೀಲಕ್ಕ ರೇಟ್ ಕಟ್ತಾರೇನು? ಮುತ್ಯಾ ಒಂದು ಕಾಳು. ನಿನಗೀಗ ಐವತ್ತು. ಆರು ವರ್ಷ ಯಾಕ ಕಳಕೋತಿ?”

ಕಾಕಾ ಬಹಳ ಹೊತ್ತು ಸುಮ್ಮನಿದ್ದ. ಕೊನೆಗೆ, “ಲೆಕ್ಕ ಖರೆ ಅದ. ಮೊದಲು ನಿನ್ನ ಕಿಸೆ ತೋರಸು,” ಎಂದ.

ವಾಚಕ ಮಿತ್ರರೇ, ನಿಮ್ಮಲ್ಲಿ ಏಕೆ ಮುಚ್ಚಿಡಲಿ? ಕಿಸೆಯಲ್ಲಿ ಎರಡು ಸಿಗರೇಟುಗಳಿದ್ದವು. ಗೆಳೆಯರೊಡನೆ ಹಾಸ್ಟೆಲಿನಲ್ಲಿ ಕಲಿತದ್ದು. ಕಾಕಾನ ಪಾಕೀಟಿನೊಡನೆ ಅವೂ ಒಲೆಗೆ ಬಿದ್ದವು. ಮೂರನೆಯ ದಿನ ಅವನು ಮತ್ತೆ ಸೇದಿದನೆಂದು ಕಾಕಿ ಫೋನಿನಲ್ಲಿ ಹೇಳಿದಳು; ನಾಲ್ಕನೆಯ ದಿನ ಮತ್ತೆ ಬಿಟ್ಟನಂತೆ. ನಾನೂ ಎರಡು ಸಲ ಸೋತು ಮೂರನೆಯ ಸಲ ನಿಂತಿದ್ದೇನೆ. ಈಗ ರವಿವಾರ ಫೋನು ಬಂದರೆ ಕಾಕಾನ ಮೊದಲ ಪ್ರಶ್ನೆ, “ಎಷ್ಟು ದಿನ ಆಯ್ತಲೇ?” ಉತ್ತರ ಹೇಳಿ ನಾನೂ ಅದನ್ನೇ ಕೇಳುತ್ತೇನೆ.