ಮಲಾಡಿನಿಂದ ಹಿಮಾಲಯಕ್ಕೆ, ಅಲ್ಲಿಂದ ಕನಕಪುರ ರಸ್ತೆಗೆ

ನಿಮ್ಮಲ್ಲಿ ಎಷ್ಟೋ ಮಂದಿ ದಿನವೂ ಬೋರಿವಲಿ ಲೋಕಲಿನಲ್ಲಿ ಮಲಾಡ್ ದಾಟಿ ಹೋಗುವವರು. ಒಂದು ಭಾನುವಾರ ಪಶ್ಚಿಮಕ್ಕೆ ಇಳಿದು ಬಾಂಬೆ ಟಾಕೀಸ್ ಕಂಪೌಂಡ್ ಎಲ್ಲಿ ಎಂದು ಕೇಳಿ ನೋಡಿ. ಹೆಸರು ಇನ್ನೂ ಬದುಕಿದೆ. ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ಸಣ್ಣ ಸಣ್ಣ ಗಾಲಾಗಳು, ಯಂತ್ರಗಳ ಸದ್ದು.

1934ರಲ್ಲಿ ಹಿಮಾಂಶು ರಾಯ್ ಮತ್ತು ದೇವಿಕಾ ರಾಣಿ ಕಟ್ಟಿದ ಸಂಸ್ಥೆ ಅದು. 1936ರ ‘ಅಛೂತ್ ಕನ್ಯಾ’ ಅಲ್ಲಿಯದೇ. 1940ರಲ್ಲಿ ರಾಯ್ ತೀರಿಕೊಂಡ ಮೇಲೆ ಸ್ಟುಡಿಯೋದ ಹೊಣೆ ಆಕೆಯ ಹೆಗಲಿಗೆ ಬಿತ್ತು. 1944ರ ‘ಜ್ವಾರ್ ಭಾಟಾ’ದಲ್ಲಿ ದಿಲೀಪ್ ಕುಮಾರರನ್ನು ತೆರೆಗೆ ತಂದವರೂ ಆಕೆಯೇ. ಮರುವರ್ಷ ಎಲ್ಲವನ್ನೂ ಬಿಟ್ಟು, ಸ್ವೆತೊಸ್ಲಾವ್ ರೋರಿಕ್ ಎಂಬ ರಷ್ಯನ್ ಚಿತ್ರಕಾರನ ಕೈಹಿಡಿದು ಕುಲು ಕಣಿವೆಗೆ ಹೊರಟುಬಿಟ್ಟರು.

ಈ ಸ್ವೆತೊಸ್ಲಾವ್ ಹುಟ್ಟಿದ್ದು 1904ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ತಂದೆ ನಿಕೋಲಾಸ್ ರೋರಿಕ್ ರಷ್ಯದ ಉತ್ತರದ ಸರೋವರ, ಬಂಡೆ, ಮುಗಿಲುಗಳನ್ನು ಬರೆದು ಹೆಸರಾದವರು. ಕ್ರಾಂತಿಯ ಕಾಲದಲ್ಲಿ ಮನೆ ತಪ್ಪಿದ ಸಂಸಾರ ಫಿನ್ಲೆಂಡ್, ಲಂಡನ್, ಅಮೆರಿಕ ಸುತ್ತಿ 1923ರಲ್ಲಿ ಭಾರತಕ್ಕೆ ಬಂತು. ಕೊನೆಗೆ ಕುಲುವಿನ ನಗ್ಗರ್‌ನಲ್ಲಿ ನೆಲೆ ನಿಂತಿತು. ಕಳೆದುಕೊಂಡ ಉತ್ತರ ಆ ಹಿಮಗಿರಿಗಳಲ್ಲಿ ಅವರಿಗೆ ಮತ್ತೆ ಸಿಕ್ಕಿತೆಂದೇ ನನ್ನ ಎಣಿಕೆ. 1947ರಲ್ಲಿ ತಂದೆ ಅಲ್ಲೇ ಕಣ್ಮುಚ್ಚಿದರು.

ಆಮೇಲೆ ದಂಪತಿ ಬಂದು ನೆಲೆಸಿದ್ದು ಎಲ್ಲಿಗೆ ಗೊತ್ತೇ? ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿಗೆ. 450 ಎಕರೆಗೂ ಮಿಕ್ಕ ತೋಟ, ಸುಗಂಧ ತೈಲಕ್ಕಾಗಿ ಬೆಳೆಸಿದ ಲಿನಾಲೋ ಮರಗಳು, ನಡುವೆ ಚಿತ್ರಶಾಲೆ. ಸ್ವೆತೊಸ್ಲಾವ್ 1993ರಲ್ಲಿ, ದೇವಿಕಾ ರಾಣಿ 1994ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಮಕ್ಕಳಿರಲಿಲ್ಲ. ತೋಟಕ್ಕಾಗಿ ಜಗಳ ಎದ್ದಿತು. ಅದನ್ನು ವಶಕ್ಕೆ ಪಡೆಯಲು ಕರ್ನಾಟಕ ಸರ್ಕಾರ 1996ರಲ್ಲಿ ಕಾಯಿದೆಯನ್ನೇ ತರಬೇಕಾಯಿತು. ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದದ್ದು 2011ರಲ್ಲಿ. ಮಲಾಡಿನ ಸ್ಟುಡಿಯೋಗೆ ಅಂಥ ಕಾಯಿದೆಯ ಭಾಗ್ಯವೂ ಇರಲಿಲ್ಲ.

ಉಡುಪಿಯ ಕಟ್ಟಿಂಗೇರಿಯಿಂದ ಬಂದು ಮುಂಬಯಿಯನ್ನೇ ಮನೆ ಮಾಡಿಕೊಂಡ ಕೆ.ಕೆ. ಹೆಬ್ಬಾರರನ್ನು ನಾವು ಹೆಮ್ಮೆಯಿಂದ ನಮ್ಮವರೆನ್ನುತ್ತೇವೆ. ಕನ್ನಡದ ನೆಲದಲ್ಲಿ ದಶಕಗಳ ಕಾಲ ಬದುಕಿ, ಬರೆದು, ಅಲ್ಲೇ ಮುಗಿದ ಈ ಪರದೇಶಿಯನ್ನು ಏನೆನ್ನೋಣ? “ನಿನ್ನ ಊರು ಯಾವುದು?” ಎಂದು ಯಾರಾದರೂ ಕೇಳಿದಾಗ ಡೊಂಬಿವಲಿ ಎನ್ನಲೋ, ಅಪ್ಪನ ಊರು ಹೇಳಲೋ ಎಂದು ತಡವರಿಸುವ ನಿಮಗೇ ಈ ಪ್ರಶ್ನೆ ಚೆನ್ನಾಗಿ ಅರ್ಥವಾದೀತು.

ನಮ್ಮ ಕರಾವಳಿಯ ಮಕ್ಕಳು ಬೆಂಗಳೂರಿಗೆ ಹೋಗುವುದು ಯಾರದೋ ಮದುವೆಗೆ ಮಾತ್ರ, ಗೊತ್ತು. ಮುಂದಿನ ಸಲ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದಾಗ ಅರ್ಧ ದಿನ ಉಳಿಸಿಕೊಂಡು ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಹೋಗಿ. ಅಲ್ಲಿ ರೋರಿಕ್‌ರ ಚಿತ್ರಗಳಿಗೆಂದೇ ಗ್ಯಾಲರಿ ಇದೆ. ಮೊದಲು ತಂದೆಯ ಬೆಟ್ಟಗಳನ್ನು ನೋಡಿ. ನೀಲಿ, ನಿಶ್ಶಬ್ದ, ಮನುಷ್ಯ ಇದ್ದರೂ ಇರುವೆಯಷ್ಟು. ಆಮೇಲೆ ಮಗನ ಚಿತ್ರಗಳ ಮುಂದೆ ನಿಲ್ಲಿ. ಬೆಟ್ಟ ಹಿಂದಕ್ಕೆ ಸರಿದು, ದುಡಿಯುವ ಜನರ ಮೈಮುಖಗಳು ಮುಂದೆ ಬಂದಿರುತ್ತವೆ.