ಹನ್ನೊಂದು ಅಕ್ಷರ

ಕನ್ನಡದಲ್ಲಿ ಟೈಪಿಸೋದು ನಮಗೆಲ್ಲ ಈಗ ನೀರು ಕುಡಿದಷ್ಟು ಸುಲಭ ಅಲ್ವಾ? ಆದ್ರೆ ಹನ್ನೊಂದೇ ಹನ್ನೊಂದು ಅಕ್ಷರ ಮೂಡಿಸೋಕೆ ನಾನು ಮೂರು ವೀಕೆಂಡ್ ಒದ್ದಾಡಿದೆ. ಅದರ ಕತೆ ಇದು.

ಅಪ್ಪ ಹೋದಮೇಲೆ ಊರಲ್ಲಿ ತೋಟ ನೋಡ್ಕೊಳ್ಳೋದು ಅಮ್ಮನೇ. ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟು ಯಾವ ಹೊತ್ತಿಗೆ ಬರುತ್ತೋ ದೇವರೇ ಬಲ್ಲ. ಅದಕ್ಕೇ ಒಂದು ಪುಟ್ಟ ಡಬ್ಬಿ ಮಾಡಿ, ಎಲ್‌ಸಿಡಿ ಪರದೆ ಕೂರಿಸಿ ಅಡುಗೆಮನೆ ಗೋಡೆಗೆ ತಗಲಿಸಿದ್ದೆ. ಮೇಲಿನ ಸಾಲಲ್ಲಿ ಕರೆಂಟು ಆನ್, ಆಫ್. ಕೆಳಗೆ ಟ್ಯಾಂಕು ಲೋ, ಫುಲ್. ಎಲ್ಲಾ ಇಂಗ್ಲಿಷಿನಲ್ಲಿ. ಇಂಜಿನಿಯರ್ ಮಗ ನೋಡಿ!

2023ರ ದೀಪಾವಳಿಗೆ ಹೋದಾಗ ನೋಡ್ತೀನಿ, ಅಮ್ಮ ಪರದೆ ಮೇಲೆ ಬೆರಳಿಟ್ಟು ಏನೋ ಎಣಿಸ್ತಿದಾಳೆ. "ಮೇಲೆ ಎರಡಕ್ಷರ ಇದ್ರೆ ಕರೆಂಟು ಇದೆ, ಮೂರಿದ್ರೆ ಇಲ್ಲ. ಕೆಳಗೆ ಮೂರಿದ್ರೆ ನೀರು ಕಮ್ಮಿ, ನಾಲ್ಕಿದ್ರೆ ತುಂಬಿದೆ. ಸರಿ ತಾನೇ?" ಒಂದ್ಸಲ ನಿದ್ದೆಗಣ್ಣಲ್ಲಿ ಎಣಿಕೆ ತಪ್ಪಿ, ಟಾರ್ಚ್ ಹಿಡ್ಕೊಂಡು ಸುಮ್ಮನೆ ಬಾವಿ ತನಕ ಹೋಗಿ ಬಂದಳಂತೆ. ನಂಗೆ ಗಂಟಲು ಕಟ್ಟಿತು. ನಾಲ್ಕನೇ ಕ್ಲಾಸಿನ ಕನ್ನಡ ಓದಿದವಳು ಅವಳು. ನಂಗೆ ಸ್ಲೇಟಿನ ಮೇಲೆ ಅ ಆ ತಿದ್ದಿಸಿದವಳೂ ಅವಳೇ.

ಬೆಂಗಳೂರಿಗೆ ವಾಪಸ್ ಬಂದು ಕೂತೆ. ಕೆಎಸ್0108 ಚಿಪ್ಪಿನ ಈ ಪರದೆಗೆ ಸ್ವಂತ ಅಕ್ಷರಗಳೇ ಇಲ್ಲ, ಅಗಲ 128 ಚುಕ್ಕಿ, ಎತ್ತರ 64 ಚುಕ್ಕಿ ಅಷ್ಟೇ. ಅಕ್ಷರದ ಚಿತ್ರಗಳನ್ನ ನಾವೇ ಪ್ರೋಗ್ರಾಮಿನ ಜೊತೆ ತುಂಬಿಸಬೇಕು. ಯುನಿಕೋಡಿನ ಒಂದೊಂದು ಚಿಹ್ನೆಗೆ ಒಂದೊಂದು ಚಿತ್ರ ಬರೆದೆ. "ಇಲ್ಲ" ಅಂದ್ರೆ ಇ, ಲ, ಅರ್ಧಚಂದ್ರದ ಕೊಂಬು, ಇನ್ನೊಂದು ಲ ಸಾಲಾಗಿ ನಿಂತವು! ಒತ್ತು ಕೆಳಗೆ ಇಳಿಸೋದು ಕಂಪ್ಯೂಟರಿನಲ್ಲಿ ಬೇರೆಯೇ ತಂತ್ರಾಂಶದ ಕೆಲಸ, ಪುಟ್ಟ ಡಬ್ಬಿಗೆ ಅದೆಲ್ಲಿ?

ಹಾಗಾಗಿ ಬೇಕಾದ ಅಕ್ಷರಗಳನ್ನ ಒತ್ತು, ಗುಣಿತ ಸಮೇತ ಇಡಿಯಾಗಿ ಬರೆದೆ. ಕರೆಂಟ್ ಇದೆ, ಕರೆಂಟ್ ಇಲ್ಲ, ನೀರು ತುಂಬಿದೆ, ನೀರು ಕಮ್ಮಿ. ಎಣಿಸಿ ನೋಡಿ, ಹನ್ನೊಂದೇ! ಒಂದೊಂದೂ 24 ಚುಕ್ಕಿ ಅಗಲ, 24 ಎತ್ತರ, ಅಂದ್ರೆ 72 ಬೈಟು. ಒಟ್ಟು 792.

ಮೊದಲ ಸಲ ಬರೀ ಚೂರುಚೂರು ಕಾಣಿಸ್ತು. ನಾನು ಚುಕ್ಕಿಗಳನ್ನ ಅಡ್ಡಡ್ಡ ಜೋಡಿಸಿದ್ದೆ, ಈ ಚಿಪ್ಪಿಗೆ ಒಂದು ಬೈಟು ಅಂದ್ರೆ ಮೇಲಿಂದ ಕೆಳಗೆ ಎಂಟು ಚುಕ್ಕಿ. ಅದು ಸರಿಹೋದಮೇಲೆ "ಟ್" ಬಾಲ ಹೋಗಿ "ಕ" ಮೇಲೆ ಕೂತಿತು! ಪರದೆಯ ಎಡ ಅರ್ಧಕ್ಕೊಂದು, ಬಲ ಅರ್ಧಕ್ಕೊಂದು ಚಿಪ್ಪು. 64 ದಾಟಿದಾಗ ಮುಂದಿನ ಚಿಪ್ಪಿಗೆ ಹೇಳದಿದ್ರೆ ಅದೇ ಚಿಪ್ಪಿನ ಮೊದಲಿಗೆ ಮರಳುತ್ತೆ. ಅದನ್ನೂ ತಿದ್ದಿದೆ. "ಕರೆಂಟ್ ಇದೆ", ಐದು ಅಕ್ಷರ, ನಡುವೆ 8 ಚುಕ್ಕಿ ಜಾಗ. ಸರಿಯಾಗಿ 128!

ಸಂಕ್ರಾಂತಿಗೆ ಹೋಗಿ ಹಾಕಿದೆ. ಅಮ್ಮ ಕನ್ನಡಕ ಏರಿಸಿ ಜೋರಾಗಿ ಓದಿದಳು, "ಕರೆಂಟ್ ಇಲ್ಲ. ನೀರು ಕಮ್ಮಿ."

"ಇಲ್ಲ ಅಂತ ಹೇಳೋಕೆ ಇಷ್ಟೆಲ್ಲ ಕಷ್ಟಪಟ್ಯಾ ಮಾರಾಯ?" ಅಂತ ನಕ್ಕಳು. ಆಮೇಲೆ ಇನ್ನೂ ಹತ್ತಿರ ಹೋಗಿ ನೋಡಿ, "ಮ್ಮಿ ಒತ್ತು ಸ್ವಲ್ಪ ಓರೆಯಾಗಿದೆ, ತಿದ್ದು" ಅಂದಳು.

ತಿದ್ದುತ್ತಾ ಇದೀನಿ...