ಕಾಲು ನೊಂದ ದಿನ ಏನು ಮಾಡ್ತೀರಿ?

ಸೋದರಿಯರೇ, ಹೆಣ್ಣು ನೋಡಲು ಮನೆಗೆ ಬರುವವರನ್ನು ನಾವೆಲ್ಲ ಕಂಡವರೇ. ಆದರೆ ಮಗಳ ಓಟ ನೋಡಿ ಮೆಚ್ಚಿ, ‘ನಮ್ಮ ಕಾಲೇಜಿಗೆ ಕಳಿಸಿಕೊಡ್ರಿ, ಫೀಸು ಬೇಡ, ಊಟ-ವಸತಿ ನಮ್ಮದು’ ಎಂದು ಕೇಳಿಕೊಂಡು ಬರುವವರನ್ನು ಕಂಡಿದ್ದೀರಾ? ಹೋದ ವರ್ಷ ಕೊಟ್ಟೂರಿನ ನಮ್ಮ ಮನೆಗೆ ಅಂಥ ಇಬ್ಬರು ಬಂದರು. ಮಂಡಕ್ಕಿ-ಮಿರ್ಚಿ ತಿಂದು, ಚಹಾ ಕುಡಿದು, ‘ತಡ ಮಾಡಬ್ಯಾಡ್ರಿ, ಟಿ.ಸಿ. ತೆಗೆಸಿಬಿಡ್ರಿ’ ಎಂದು ಹೇಳಿ ಹೋದರು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ.

ನನ್ನ ಮಗಳು ಖೊ-ಖೊ ಆಡುತ್ತಾಳೆ. ಆಗ ಊರಿನಲ್ಲೇ ಬಿ.ಕಾಂ. ಮೊದಲ ವರ್ಷ. ಬಳ್ಳಾರಿಯಲ್ಲಿ ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯ ನಡೆದಾಗ ಆ ಇಬ್ಬರು ಬೇಲಿಯ ಆಚೆ ಕೂತು ಇವಳ ಆಟ ನೋಡಿ ಹೆಸರು ಬರೆದುಕೊಂಡಿದ್ದರಂತೆ. ದೂರದ ಜಿಲ್ಲೆಯ ಕಾಲೇಜು. ಅವರ ತಂಡ ಗೆದ್ದರೆ ಕಾಲೇಜಿನ ಹೆಸರು ಪೇಪರಿನಲ್ಲಿ ಬರುತ್ತದೆ, ಹೆಸರು ಬಂದರೆ ಮುಂದಿನ ವರ್ಷ ಮಕ್ಕಳು ಹೆಚ್ಚು ಸೇರುತ್ತಾರೆ. ಇದು ತಿಳಿದ ಮೇಲೆ ನನಗೆ ಸ್ವಲ್ಪ ಧೈರ್ಯ ಬಂತು. ಅವರು ಕೊಡುವುದು ದಾನವಲ್ಲ, ನನ್ನ ಮಗಳ ಬೆವರಿಗೆ ಬದಲು.

ಇದು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ, ನಮ್ಮ ಕಡೆಯ ಯಾವ ತಾಲ್ಲೂಕಿನಲ್ಲಿ ನೋಡಿದರೂ ಓಡುವ ಮಕ್ಕಳಿದ್ದಾರೆ, ಓಡಿಸುವ ದುಡ್ಡಿಲ್ಲ. ಸರ್ಕಾರದ ಕ್ರೀಡಾ ಹಾಸ್ಟೆಲುಗಳಿವೆ, ಆಯ್ಕೆಯಾದ ಶಾಲೆಯ ಮಕ್ಕಳಿಗೆ ಊಟ, ವಸತಿ, ತರಬೇತಿ ಎಲ್ಲ ಸಿಗುತ್ತದೆ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ಆಟಗಾರರನ್ನು ದತ್ತು ತಗೊಂಡು ಓದಿಸುವುದಕ್ಕೆ ನಾಡಿನಲ್ಲೆಲ್ಲ ಹೆಸರಾಗಿದೆ. ನಮಗೆ ಹತ್ತಿರದ ತೋರಣಗಲ್ಲಿನ ಬಳಿ 2018ರಲ್ಲಿ ಶುರುವಾದ ಕ್ರೀಡಾ ಸಂಸ್ಥೆಯಲ್ಲಿ ಕುಸ್ತಿ, ಬಾಕ್ಸಿಂಗ್, ಜೂಡೋ ಕಲಿಸುತ್ತಾರೆ. ‘ಖೊ-ಖೊ ಆಡಿದ್ರ ಏನು ಬರ್ತೈತಿ?’ ಎನ್ನುತ್ತಿದ್ದ ನಮ್ಮತ್ತೆಯೇ 2025ರ ಜನವರಿಯಲ್ಲಿ ದೆಹಲಿಯ ಖೊ-ಖೊ ವಿಶ್ವಕಪ್ ನೋಡಲು ಟಿ.ವಿ. ಮುಂದೆ ಕೂತರು. ಫೈನಲ್ಲಿನಲ್ಲಿ ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78-40ರಿಂದ ಸೋಲಿಸಿದರು. ಆ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಚೈತ್ರಾ ಇದ್ದಳು. ‘ಹಳ್ಳಿ ಹುಡುಗಿ ನೋಡವ್ವಾ!’ ಎಂದು ಅತ್ತೆ ಕಣ್ಣೊರೆಸಿಕೊಂಡರು.

ಮಗಳು ಮೊಬೈಲಿನಲ್ಲಿ ಹುಡುಕಿ ಇನ್ನೊಂದು ಸಂಗತಿ ಹೇಳಿದಳು. ಬೆಂಗಳೂರಿನ ಸಂಜನಾ ರಮೇಶ್ ಎಂಬ ಹುಡುಗಿ ಬಾಸ್ಕೆಟ್‌ಬಾಲ್ ಆಡಿಯೇ ವಿದ್ಯಾರ್ಥಿವೇತನ ಪಡೆದು 2019ರಲ್ಲಿ ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯ ಸೇರಿದಳಂತೆ. ಅಲ್ಲಿ ಹಿಂದೆ ಆಟಗಾರರು ಕಾಲೇಜು ಬದಲಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತಂತೆ. 2021ರಲ್ಲಿ ಒಂದು ಸಲ ಬದಲಿಸಿದರೆ ಚಿಂತೆಯಿಲ್ಲ ಎಂದರು. 2024ರಲ್ಲಿ, ಓದಿನಲ್ಲಿ ಹಿಂದೆ ಬೀಳದಿದ್ದರೆ ಎಷ್ಟು ಸಲವಾದರೂ ಬದಲಿಸಬಹುದು ಎಂದರು. 2025ರಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದಂತೆ. ‘ಅಲ್ಲಿ ಎಲ್ಲಾ ಕಾಗದದ ಮ್ಯಾಲೆ ಇರ್ತೈತವ್ವಾ’ ಎಂದಳು. ನನ್ನ ಮನಸ್ಸು ಆ ಮಾತಿಗೆ ಅಂಟಿಕೊಂಡಿತು. ನಮ್ಮ ಮನೆಗೆ ಬಂದವರು ಕಾಗದ ಕೊಟ್ಟಿರಲಿಲ್ಲ, ಬರೀ ಬಾಯಿಮಾತು.

ಬಾಯಿಮಾತಿನ ಫಲ ನಾನು ಕಂಡವಳು. ಹಡಗಲಿ ಕಡೆಯ ನನ್ನ ದೊಡ್ಡಪ್ಪನ ಮಗಳ ಮಗ ಒಳ್ಳೆಯ ವಾಲಿಬಾಲ್ ಆಟಗಾರ. ಹೀಗೇ ಯಾರೋ ಬಂದು ಕರೆದೊಯ್ದರು. ಎರಡನೇ ವರ್ಷ ನೆಗೆದು ಬೀಳುವಾಗ ಮೊಣಕಾಲು ತಿರುಚಿತು, ಆಪರೇಷನ್ ಆಯಿತು. ಮುಂದಿನ ವರ್ಷ ಆಡಲಾರ ಎಂದಾಗ ‘ಹಾಗಾದರೆ ಪೂರ್ತಿ ಫೀಸು ಕಟ್ಟಿ’ ಎಂದರು. ಅವನ ಮೂಲ ಅಂಕಪಟ್ಟಿಗಳೆಲ್ಲ ಅವರ ಬೀರುವಿನಲ್ಲೇ ಇದ್ದವು. ಅಕ್ಕ ಎರಡು ಬಳೆ ಮಾರಿ ದುಡ್ಡು ಕಟ್ಟಿ ಬಿಡಿಸಿಕೊಂಡು ಬಂದಳು. ಹುಡುಗ ಡಿಗ್ರಿ ಮುಗಿಸಲಿಲ್ಲ.

ಹಾಗಾಗಿ ಮರುದಿನ ಹಾಲಿನ ಲೆಕ್ಕದ ನೋಟ್‌ಬುಕ್ಕಿನ ಹಿಂದೆ ಐದು ಪ್ರಶ್ನೆ ಬರೆದೆ. ನಿಮಗೂ ಬೇಕಾದೀತು, ಕೇಳಿ:

ಒಂದು, ಫೀಸು ಮಾಫಿ ಈ ವರ್ಷಕ್ಕೆ ಮಾತ್ರವೋ, ಡಿಗ್ರಿ ಮುಗಿಯುವ ತನಕವೋ?

ಎರಡು, ಪರೀಕ್ಷೆ ಫೀಸು, ಪುಸ್ತಕ, ಬೂಟು, ಪಂದ್ಯಕ್ಕೆ ಹೋಗಿ ಬರುವ ಖರ್ಚು ಯಾರದು?

ಮೂರು, ಪಂದ್ಯಕ್ಕೆ ಹೋದ ದಿನಗಳ ಹಾಜರಿ, ತಪ್ಪಿದ ಪಾಠದ ಗತಿ ಏನು? ಹುಡುಗಿಯರ ಜೊತೆ ಹೆಂಗಸರು ಯಾರು ಬರುತ್ತಾರೆ?

ನಾಲ್ಕು, ಮೂಲ ಅಂಕಪಟ್ಟಿ ನೋಡಿ ವಾಪಸು ಕೊಡುತ್ತೀರೋ ಇಲ್ಲವೋ? (ಜೆರಾಕ್ಸ್ ಪ್ರತಿ ಎಷ್ಟು ಬೇಕಾದರೂ ಕೊಡೋಣ.)

ಐದು, ಕಾಲು ನೊಂದು ಆಡಲಾಗದ ದಿನ ಏನು ಮಾಡ್ತೀರಿ?

ಡಿಗ್ರಿಯ ನಡುವೆ ಕಾಲೇಜು ಬದಲಿಸುವವರು ಇನ್ನೊಂದನ್ನೂ ನೋಡಬೇಕು. ಬೇರೆ ವಿಶ್ವವಿದ್ಯಾಲಯವಾದರೆ ಟಿ.ಸಿ. ಜೊತೆ ಮೈಗ್ರೇಷನ್ ಸರ್ಟಿಫಿಕೇಟ್ ಬೇಕು. ಇಲ್ಲಿ ಓದಿದ ವಿಷಯ ಅಲ್ಲಿಗೆ ಹೊಂದಬೇಕು. ಅವಸರದಲ್ಲಿ ಟಿ.ಸಿ. ತೆಗೆಸಿ, ಅಲ್ಲಿ ಹೊಂದದೆ ಹೋದರೆ ಮಗು ನಡುನೀರಿನಲ್ಲಿ ನಿಂತಂತೆ.

ನಮ್ಮ ಮನೆಯವರಿಗೆ ಸಿಟ್ಟು ಬಂತು. ‘ಪುಕ್ಕಟೆ ಸೀಟಿಗೆ ಇಷ್ಟು ಚೌಕಾಸಿ ಮಾಡಿದ್ರ ಅವರು ಬ್ಯಾರೆ ಹುಡುಗೀನ ಹುಡುಕ್ಕೊಂತಾರ’ ಎಂದರು. ನನಗೂ ಒಳಗೆ ಅದೇ ಭಯ. ಫೋನು ಮಾಡುವಾಗ ಕೈ ನಡುಗುತ್ತಿತ್ತು. ಮೊದಲ ನಾಲ್ಕಕ್ಕೆ ಆ ಸಾಹೇಬರು ಪಟಪಟನೆ ಉತ್ತರ ಕೊಟ್ಟರು. ಐದನೆಯದಕ್ಕೆ ಸುಮ್ಮನಾದರು. ‘ಯಾರೂ ಇದನ್ನ ಕೇಳಿಲ್ಲಮ್ಮ’ ಎಂದರು. ‘ಇದನ್ನೆಲ್ಲ ಕಾಲೇಜಿನ ಕಾಗದದಲ್ಲಿ ಬರೆದು, ಸೀಲು ಹಾಕಿ ಕಳಿಸ್ರಿ, ಆಮೇಲೆ ಟಿ.ಸಿ.’ ಎಂದೆ.

ಎಂಟು ದಿನ ಸುದ್ದಿ ಇಲ್ಲ. ಮಗಳು ನನ್ನ ಜೊತೆ ಮಾತು ಬಿಟ್ಟಳು. ಒಂಬತ್ತನೆಯ ದಿನ ಕಾಗದ ಬಂತು. ಡಿಗ್ರಿ ಮುಗಿಯುವ ತನಕ ಫೀಸು ಇಲ್ಲ, ಅಂಕಪಟ್ಟಿ ವಾಪಸು. ಆಟದಲ್ಲಿ ಪೆಟ್ಟಾದರೆ ಚಿಕಿತ್ಸೆ ಅವರದು, ಆ ವರ್ಷದ ಊಟ-ವಸತಿಯೂ ಅವರದು. ಆಮೇಲೂ ಆಡಲಾಗದಿದ್ದರೆ ಊಟದ ಖರ್ಚು ನಮ್ಮದು. ಕೇಳಿದ್ದೆಲ್ಲ ಸಿಗಲಿಲ್ಲ. ಆದರೆ ಯಾವುದು ಸಿಗುವುದಿಲ್ಲ ಎಂಬುದು ಮೊದಲೇ ತಿಳಿಯಿತಲ್ಲ! ಆ ಊಟದ ಖರ್ಚಿಗೆಂದೇ ನಾನೊಂದು ತಿಂಗಳ ಚೀಟಿ ಹಾಕಿದ್ದೇನೆ. ಅದು ಬೇಕಾಗದಿರಲಿ ಎಂದು ಕೊಟ್ಟೂರು ಬಸವೇಶ್ವರನಿಗೆ ದಿನವೂ ಕೈ ಮುಗಿಯುತ್ತೇನೆ.

ಕಷ್ಟವಾದದ್ದು ಪಿ.ಟಿ. ಮಾಸ್ತರಿಗೆ ಹೇಳುವುದು. ಪಿ.ಯು.ಸಿ.ಯಿಂದ ಇವಳನ್ನು ತಿದ್ದಿದವರು ಅವರು. ಬೆಳಗಿನ ಐದೂವರೆಗೆ ಮೈದಾನದಲ್ಲಿ ನಿಂತು, ಕಂಬ ತಿರುಗುವುದನ್ನು ನೂರು ಸಲ ಮಾಡಿಸಿದವರು. ಮೊದಲ ಬೂಟು ಕೊಡಿಸಿದ್ದೂ ಅವರೇ. ಹೋಳಿಗೆಯ ಡಬ್ಬಿ ಹಿಡಿದು ಹೋದೆ, ಬಾಯಿ ಬರಲಿಲ್ಲ. ಅವರಿಗೆ ಮೊದಲೇ ಗೊತ್ತಿತ್ತು. ‘ಇನ್ನೆರಡು ವರ್ಷ ಇದ್ದಿದ್ರ ನಮ್ಮ ಟೀಮು ಕಪ್ ಹೊಡೀತಿತ್ತು, ಅಕ್ಕಾರ’ ಎಂದರು. ಸ್ವಲ್ಪ ಹೊತ್ತು ಮೈದಾನದ ಕಡೆ ನೋಡುತ್ತ ನಿಂತರು. ಆಮೇಲೆ ಅವರೇ ಆಫೀಸಿಗೆ ಬಂದು ಟಿ.ಸಿ. ಕೆಲಸ ಮುಗಿಸಿಕೊಟ್ಟರು. ಆ ವರ್ಷ ನಮ್ಮೂರಿನ ತಂಡ ಮೊದಲ ಪಂದ್ಯದಲ್ಲೇ ಸೋತಿತು. ಇವಳ ಗೆಳತಿಯೊಬ್ಬಳು ಆಟವನ್ನೇ ಬಿಟ್ಟಳು. ಕರೆದೊಯ್ಯುವ ಕಾಲೇಜುಗಳು ಬೆಳೆಸಿದ ಮಾಸ್ತರಿಗೆ ಒಂದು ಪತ್ರವನ್ನಾದರೂ ಬರೆಯಬಾರದೇ? ನಾನಂತೂ ಮಗಳಿಗೆ ಹೇಳಿದ್ದೇನೆ, ಪ್ರತಿ ಪಂದ್ಯ ಮುಗಿದ ಮೇಲೆ ಮೊದಲ ಫೋನು ಅವರಿಗೆ, ಆಮೇಲೆ ನನಗೆ.

ಸೋದರಿಯರೇ, ನಾನು ಹೈಸ್ಕೂಲು ಓದಿದವಳು, ಕಾಯಿದೆ ತಿಳಿದವಳಲ್ಲ. ಸೀರೆ ತಗೊಳ್ಳುವಾಗ ಸೆರಗು, ಅಂಚು, ಬಣ್ಣ ಎಲ್ಲ ಕೇಳುತ್ತೇವೆ. ಮಗುವನ್ನು ಕಳಿಸುವಾಗ ನಾಚಿಕೆ ಏಕೆ? ನಿಮ್ಮ ಮನೆಗೂ ಯಾರಾದರೂ ಹೀಗೆ ಬಂದರೆ ಚಹಾ ಕೊಡಿ, ಮರ್ಯಾದೆಯಿಂದ ಕೂರಿಸಿ, ಆ ಐದನೆಯ ಪ್ರಶ್ನೆಯನ್ನೇ ಮೊದಲು ಕೇಳಿ.